ಸಮಯ ಮನೆಯ ತಾರಸಿಗೆ ಬಂದ ದಾರಿ

ನಿಮ್ಮ ಕೈಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯೆ? ಹೀಗೆ ಯಾರಾದರೂ ಕೇಳಿದರೆ ನೀವು ಇನ್ನೊಂದು ಗಡಿಯಾರವನ್ನು ನೋಡುತ್ತೀರಿ. ಅದು ಸರಿಯಿದೆಯೆ ಎಂದು ಮತ್ತೆ ಕೇಳಿದರೆ ಮೊಬೈಲನ್ನು ತೋರಿಸುತ್ತೀರಿ. ಮೊಬೈಲಿಗೆ ಸಮಯ ಹೇಳಿದವರು ಯಾರು? ಹೀಗೆ ಹಿಂದಕ್ಕೆ ಹಿಂದಕ್ಕೆ ಹೋದರೆ ಈ ಸರಪಳಿ ಕೊನೆಗೆ ಪ್ರಪಂಚದ ಕೆಲವು ಪ್ರಯೋಗಾಲಯಗಳಲ್ಲಿರುವ ಪರಮಾಣು ಗಡಿಯಾರಗಳ ಬಳಿ ನಿಲ್ಲುತ್ತದೆ.

ಕೆಲವು ಹವ್ಯಾಸಿಗಳು ಈ ಸರಪಳಿಯನ್ನು ಬಹಳ ಗಿಡ್ಡ ಮಾಡಿಕೊಂಡಿದ್ದಾರೆ. ಮನೆಯ ತಾರಸಿಯ ಮೇಲೆ ಅಣಬೆಯಂತೆ ಕಾಣುವ ಪುಟ್ಟ ಆಂಟೆನ. ಅಲ್ಲಿಂದ ಇಳಿದು ಬರುವ ಕೇಬಲ್. ಕೆಳಗೆ ಒಂದು ಜಿಪಿಎಸ್ ರಿಸೀವರ್, ಅದಕ್ಕೆ ಜೋಡಿಸಿದ ಚಿಕ್ಕ ಕಂಪ್ಯೂಟರ್. ಇದೇ ಮನೆಯ ಸಮಯ ಸರ್ವರ್. ಮನೆಯಲ್ಲಿರುವ ಉಳಿದ ಕಂಪ್ಯೂಟರುಗಳೆಲ್ಲ ಇದನ್ನು ಕೇಳಿ ತಮ್ಮ ಗಡಿಯಾರವನ್ನು ಸರಿಮಾಡಿಕೊಳ್ಳುತ್ತವೆ. ಈ ಏರ್ಪಾಡಿನಿಂದ ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗಗಳಷ್ಟು, ಅಂದರೆ ಕೆಲವೇ ಮೈಕ್ರೊಸೆಕೆಂಡುಗಳಷ್ಟು ನಿಖರತೆಯನ್ನು ಪಡೆಯಬಹುದು.

ಸಮಯದ ಚರಿತ್ರೆ ಎಂದೊಡನೆ ನಾವು ಸಾಮಾನ್ಯವಾಗಿ ಗಡಿಯಾರಗಳ ಚರಿತ್ರೆಯನ್ನು ಹೇಳುತ್ತೇವೆ. ಲೋಲಕ, ಸ್ಫಟಿಕ, ಸೀಸಿಯಮ್ ಎಂದು ಪಟ್ಟಿ ಮಾಡುತ್ತೇವೆ. ಆದರೆ ಗಡಿಯಾರ ಎಷ್ಟೇ ನಿಖರವಾಗಿರಲಿ, ಅದರ ಸಮಯ ನಿಮ್ಮನ್ನು ತಲಪುವಷ್ಟರಲ್ಲಿ ಸ್ವಲ್ಪ ತಡವಾಗಿರುತ್ತದೆ. ಎಷ್ಟು ತಡ ಎಂದು ತಿಳಿದಿದ್ದರೆ ತಿದ್ದಿಕೊಳ್ಳಬಹುದು. ತಿಳಿಯದಿದ್ದರೆ ಒಳ್ಳೆಯ ಗಡಿಯಾರವಿದ್ದೂ ಪ್ರಯೋಜನವಿಲ್ಲ. ಆದ್ದರಿಂದ ಗಡಿಯಾರದ ಜೊತೆಗೆ ಸಮಯ ನಡೆದು ಬರುವ ದಾರಿಗೂ ಒಂದು ಚರಿತ್ರೆ ಇದೆ. ತಾರಸಿಯ ಆಂಟೆನವನ್ನು ಅರ್ಥ ಮಾಡಿಕೊಳ್ಳಲು ಆ ದಾರಿಯನ್ನೇ ಹಿಡಿದು ಹೋಗೋಣ.

ಚೆಂಡು, ಫಿರಂಗಿ, ಕೈಗಡಿಯಾರ

1833ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮೇಲೆ ಒಂದು ದೊಡ್ಡ ಚೆಂಡನ್ನು ಕಂಬಕ್ಕೆ ಅಳವಡಿಸಿದರು. ಪ್ರತಿದಿನ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಅದು ಕೆಳಗೆ ಬೀಳುತ್ತಿತ್ತು. ಥೇಮ್ಸ್ ನದಿಯಲ್ಲಿ ನಿಂತಿದ್ದ ಹಡಗುಗಳ ನಾವಿಕರು ಅದನ್ನು ನೋಡಿ ತಮ್ಮ ಕ್ರೊನೊಮೀಟರುಗಳನ್ನು ಸರಿಮಾಡಿಕೊಳ್ಳುತ್ತಿದ್ದರು. ಇದು ಶಿಸ್ತಿನ ಮಾತಷ್ಟೇ ಆಗಿರಲಿಲ್ಲ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಗಡಿಯಾರದಲ್ಲಿ 4 ಸೆಕೆಂಡ್ ತಪ್ಪಾದರೆ ಸಮಭಾಜಕದ ಬಳಿ ಹಡಗಿನ ಸ್ಥಾನ ಸುಮಾರು 1.85 ಕಿಲೋಮೀಟರ್ ತಪ್ಪುತ್ತದೆ. ಕತ್ತಲಲ್ಲಿ ಬಂಡೆಗೆ ಬಡಿಯಲು ಅಷ್ಟು ಸಾಕು. ಸಮಯ ಮತ್ತು ಸ್ಥಳ ಒಂದೇ ಲೆಕ್ಕದ ಎರಡು ಮುಖಗಳು ಎಂಬುದನ್ನು ಇಲ್ಲಿ ಗಮನಿಸಿ. ಮುಂದೆ ಇದು ಮತ್ತೆ ಬರುತ್ತದೆ.

ಚೆಂಡು ಬಿದ್ದದ್ದು ಬೆಳಕಿನ ಮೂಲಕ ಕಣ್ಣಿಗೆ ತಿಳಿಯುತ್ತದೆ. ಬೆಳಕು 3 ಕಿಲೋಮೀಟರ್ ದಾಟಲು ಬೇಕಾದದ್ದು ಕೇವಲ 10 ಮೈಕ್ರೊಸೆಕೆಂಡ್. ಆ ಕಾಲದವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಆದರೆ ಮಂಜು ಕವಿದರೆ ಚೆಂಡು ಕಾಣುವುದಿಲ್ಲವಲ್ಲ! ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಇದಕ್ಕಾಗಿಯೇ 1861ರಿಂದ ಕೋಟೆಯ ಮೇಲೆ ಒಂದು ಗಂಟೆಗೆ ಫಿರಂಗಿ ಹಾರಿಸತೊಡಗಿದರು. ಶಬ್ದಕ್ಕೆ ಮಂಜಿನ ತಡೆಯಿಲ್ಲ, ಆದರೆ ಅದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. ಒಂದು ಕಿಲೋಮೀಟರ್ ದೂರದವನಿಗೆ ಸಮಯ ಸುಮಾರು 3 ಸೆಕೆಂಡ್ ತಡವಾಗಿ ಕೇಳುತ್ತದೆ. ಎಡಿನ್‌ಬರೊದವರು ಇದಕ್ಕೊಂದು ಸೊಗಸಾದ ಉಪಾಯ ಮಾಡಿದರು. ಕೋಟೆಯನ್ನು ಕೇಂದ್ರವಾಗಿಟ್ಟು ವೃತ್ತಗಳನ್ನು ಎಳೆದ ಊರಿನ ನಕ್ಷೆಯೊಂದನ್ನು ಮುದ್ರಿಸಿದರು. ಯಾವ ಬೀದಿಯಲ್ಲಿರುವವರು ಎಷ್ಟು ಸೆಕೆಂಡ್ ತಿದ್ದಿಕೊಳ್ಳಬೇಕು ಎಂಬುದು ಆ ವೃತ್ತಗಳಿಂದ ತಿಳಿಯುತ್ತಿತ್ತು. ದಾರಿಯ ವಿಳಂಬವನ್ನು ಅಳೆದು ಬರೆದಿಟ್ಟರೆ ನಿಧಾನದ ದೂತನಿಂದಲೂ ಸರಿಯಾದ ಸಮಯ ಪಡೆಯಬಹುದು ಎಂಬ ಪಾಠ ಈ ನಕ್ಷೆಯಲ್ಲಿದೆ.

ಮೂರನೆಯ ದಾರಿ ಇನ್ನೂ ಸ್ವಾರಸ್ಯಕರ. 1836ರಲ್ಲಿ ಗ್ರೀನಿಚ್‌ನಲ್ಲಿ ಕೆಲಸದಲ್ಲಿದ್ದ ಜಾನ್ ಹೆನ್ರಿ ಬೆಲ್ವಿಲ್ ಲಂಡನ್ನಿನ ಗಡಿಯಾರದ ಅಂಗಡಿಗಳಿಗೆ ಸಮಯವನ್ನು ಒಯ್ದು ಕೊಡುವ ಸೇವೆ ಆರಂಭಿಸಿದ. ಅವನ ನಂತರ ಹೆಂಡತಿ ಮರಿಯಾ, ಆಮೇಲೆ ಮಗಳು ರೂತ್ ಈ ಕೆಲಸ ಮುಂದುವರಿಸಿದರು. ರೂತ್ ವೀಕ್ಷಣಾಲಯಕ್ಕೆ ಹೋಗಿ, ಜಾನ್ ಅರ್ನಾಲ್ಡ್ ತಯಾರಿಸಿದ ತನ್ನ ಕ್ರೊನೊಮೀಟರನ್ನು ಅಲ್ಲಿನ ಗಡಿಯಾರದೊಂದಿಗೆ ಹೋಲಿಸಿ, ಅಂಗಡಿಯಿಂದ ಅಂಗಡಿಗೆ ಹೋಗಿ ತೋರಿಸುತ್ತಿದ್ದಳು. 1940ರ ಸುಮಾರಿನವರೆಗೂ ಈ ವ್ಯಾಪಾರ ನಡೆಯಿತು! ಗ್ರೀನಿಚ್ ಗಡಿಯಾರ ಮೂಲ. ರೂತ್‌ಳ ಗಡಿಯಾರ ಮೊದಲ ಮೆಟ್ಟಿಲು. ಅಂಗಡಿಯ ಗಡಿಯಾರ ಎರಡನೆಯದು. ಅದನ್ನು ನೋಡಿದ ಗಿರಾಕಿಯದು ಮೂರನೆಯದು. ಮೆಟ್ಟಿಲು ಇಳಿದಂತೆಲ್ಲ ತಪ್ಪು ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ. ಇಂದಿನ ಕಂಪ್ಯೂಟರುಗಳು ಸಮಯ ಹಂಚಿಕೊಳ್ಳುವ ಕ್ರಮವೂ ಇದೇ ಎಂಬುದನ್ನು ಸ್ವಲ್ಪದರಲ್ಲೇ ನೋಡಲಿದ್ದೀರಿ.

ತಂತಿ ಮತ್ತು ರೇಡಿಯೊ

ತಂತಿ ಬಂದ ಮೇಲೆ ಸಮಯ ವಿದ್ಯುತ್ತಿನ ವೇಗದಲ್ಲಿ ಹರಿಯಿತು. ನಮ್ಮಲ್ಲಿ 1792ರಲ್ಲಿ ಸ್ಥಾಪನೆಯಾದ ಮದರಾಸು ವೀಕ್ಷಣಾಲಯದ ಸಮಯವನ್ನು ರೈಲ್ವೆಯವರು ತಂತಿಯ ಮೂಲಕ ಪಡೆದು ಬಳಸುತ್ತಿದ್ದರು. ನಂತರ 1906ರ ಜನವರಿ 1ರಿಂದ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಶಿಷ್ಟ ಕಾಲ ಜಾರಿಗೆ ಬಂತು.

ರೇಡಿಯೊ ಬಂದಾಗ ತಂತಿಯೂ ಬೇಡವಾಯಿತು. ಹಲವು ದೇಶಗಳು ಸಮಯ ಸಂಜ್ಞೆಗಳನ್ನು ಬಿತ್ತರಿಸತೊಡಗಿದವು. ನಮ್ಮ ದೇಶದಲ್ಲಿ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ‘ಎಟಿಎ’ ಎಂಬ ಕರೆಸಂಕೇತದಲ್ಲಿ ಶಾರ್ಟ್‌ವೇವ್ ಮೂಲಕ ಈ ಸೇವೆ ನೀಡುತ್ತಿತ್ತು. ದೆಹಲಿಯಿಂದ ಬೆಂಗಳೂರಿಗೆ ನೇರವಾಗಿ ಬಂದರೂ ರೇಡಿಯೊ ಅಲೆಗೆ ಸುಮಾರು 6 ಮಿಲಿಸೆಕೆಂಡ್ ಬೇಕು. ಆದರೆ ಶಾರ್ಟ್‌ವೇವ್ ನೇರವಾಗಿ ಬರುವುದಿಲ್ಲ. ಮೇಲಿನ ಅಯಾನುಗೋಳಕ್ಕೆ ಬಡಿದು ಪ್ರತಿಫಲಿಸಿ ಬರುತ್ತದೆ. ಆ ಪದರದ ಎತ್ತರ ಹಗಲು ರಾತ್ರಿಗೆ, ಸೂರ್ಯನ ಚಟುವಟಿಕೆಗೆ ತಕ್ಕಂತೆ ಏರಿಳಿಯುತ್ತದೆ. ಎಡಿನ್‌ಬರೊದ ನಕ್ಷೆಯಂತೆ ಒಮ್ಮೆ ಅಳೆದು ಬರೆದಿಟ್ಟರೆ ಸಾಲದು, ದಾರಿಯೇ ಬದಲಾಗುತ್ತಿರುತ್ತದೆ.

ಅರ್ಧ ಮಾಡುವ ಲೆಕ್ಕ

ಕಂಪ್ಯೂಟರುಗಳು ಜಾಲದಲ್ಲಿ ಸೇರಿಕೊಂಡಾಗ ಇದೇ ತೊಡಕು ಬೇರೆ ರೂಪದಲ್ಲಿ ಬಂತು. ಅಂತರಜಾಲದಲ್ಲಿ ಸಂದೇಶ ಯಾವ ದಾರಿ ಹಿಡಿಯುತ್ತದೆ, ಎಲ್ಲಿ ಎಷ್ಟು ಹೊತ್ತು ಸರದಿಯಲ್ಲಿ ನಿಲ್ಲುತ್ತದೆ ಎಂಬುದು ಮೊದಲೇ ತಿಳಿಯುವುದಿಲ್ಲ. ಇದಕ್ಕೆ ಪರಿಹಾರ ಕೊಟ್ಟವರು ಅಮೆರಿಕದ ಡೇವಿಡ್ ಮಿಲ್ಸ್ (1938–2024). ಬಾಲ್ಯದಿಂದಲೇ ದೃಷ್ಟಿದೋಷವಿದ್ದ ಅವರು ಡೆಲವೇರ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರು ರೂಪಿಸಿದ ನೆಟ್‌ವರ್ಕ್ ಟೈಮ್ ಪ್ರೊಟೊಕಾಲ್, ಅಂದರೆ ಎನ್‌ಟಿಪಿ, 1985ರಲ್ಲಿ ಪ್ರಕಟವಾಯಿತು. ಅದರ ಸುಧಾರಿತ ರೂಪಗಳು ಇಂದಿಗೂ ಬಳಕೆಯಲ್ಲಿವೆ.

ಉಪಾಯ ಸರಳ. ನಿಮ್ಮ ಕಂಪ್ಯೂಟರ್ ಪ್ರಶ್ನೆ ಕಳಿಸಿದ ಕ್ಷಣವನ್ನೂ ಉತ್ತರ ಬಂದ ಕ್ಷಣವನ್ನೂ ಗುರುತಿಸಿಕೊಳ್ಳುತ್ತದೆ. ಸರ್ವರ್ ಕೂಡ ಪ್ರಶ್ನೆ ಸಿಕ್ಕ ಮತ್ತು ಉತ್ತರ ಹೊರಟ ಕ್ಷಣಗಳನ್ನು ಬರೆದು ಕಳಿಸುತ್ತದೆ. ಹೋಗಿ ಬರಲು ಹಿಡಿದ ಕಾಲವನ್ನು ಅರ್ಧ ಮಾಡಿದರೆ ಒಂದು ಕಡೆಯ ವಿಳಂಬ ಸಿಗುತ್ತದೆ. ಆದರೆ ಇಲ್ಲೊಂದು ಊಹೆ ಅಡಗಿದೆ: ಹೋಗುವ ದಾರಿಗೂ ಬರುವ ದಾರಿಗೂ ಸಮನಾದ ಕಾಲ ಬೇಕು. ಹೋಗಲು 10, ಬರಲು 30 ಮಿಲಿಸೆಕೆಂಡ್ ಹಿಡಿದರೆ ಎನ್‌ಟಿಪಿ ಎರಡಕ್ಕೂ 20 ಎಂದು ಲೆಕ್ಕ ಹಾಕುತ್ತದೆ. ನಿಮ್ಮ ಗಡಿಯಾರ 10 ಮಿಲಿಸೆಕೆಂಡ್ ತಪ್ಪುತ್ತದೆ. ಎಷ್ಟು ಸಲ ಕೇಳಿದರೂ ಈ ತಪ್ಪು ಬಯಲಾಗುವುದಿಲ್ಲ.

ಎನ್‌ಟಿಪಿಯಲ್ಲಿ ಮೆಟ್ಟಿಲುಗಳಿಗೆ ‘ಸ್ಟ್ರೇಟಮ್’ ಎಂದು ಹೆಸರು. ಪರಮಾಣು ಗಡಿಯಾರ ಅಥವಾ ಜಿಪಿಎಸ್ ರಿಸೀವರಿನಂಥ ಆಕರ ಸೊನ್ನೆಯ ಸ್ತರ. ಅದಕ್ಕೆ ನೇರವಾಗಿ ಜೋಡಿಸಿದ ಕಂಪ್ಯೂಟರ್ ಒಂದನೆಯ ಸ್ತರ. ಅದನ್ನು ಕೇಳುವವು ಎರಡನೆಯ ಸ್ತರ. ರೂತ್ ಬೆಲ್ವಿಲ್ ನಿಂತಿದ್ದ ಮೆಟ್ಟಿಲು ಯಾವುದೆಂದು ಈಗ ನೀವೇ ಹೇಳಬಹುದು.

ಒಂದನೆಯ ಸ್ತರದ ಸರ್ವರುಗಳು ಕಡಿಮೆ, ಕೇಳುವವರು ಬಹಳ. 2003ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸಮಯ ಸರ್ವರಿಗೆ ಸೆಕೆಂಡಿಗೆ ಎರಡು ಲಕ್ಷಕ್ಕೂ ಹೆಚ್ಚು ಪ್ರಶ್ನೆಗಳು ನುಗ್ಗಿ ಬಂದವು. ಮನೆಬಳಕೆಯ ಒಂದು ಬಗೆಯ ರೂಟರುಗಳಲ್ಲಿ ಆ ಸರ್ವರಿನ ವಿಳಾಸವನ್ನು ಕಾರ್ಖಾನೆಯಲ್ಲೇ ಬರೆದಿಟ್ಟಿದ್ದರು. ಉತ್ತರ ಬರದಿದ್ದರೆ ಅವು ಪ್ರತಿ ಸೆಕೆಂಡಿಗೂ ಮತ್ತೆ ಕೇಳುತ್ತಿದ್ದವು. ಸಮಯ ಪುಕ್ಕಟೆಯಾಗಿ ಸಿಗುತ್ತಿದ್ದರೂ ಅದನ್ನು ಕೊಡುವವರ ಮೇಲೆ ಹೊರೆ ಬೀಳುತ್ತದೆ ಎಂಬುದು ಆಗ ಎಲ್ಲರಿಗೂ ಅರಿವಾಯಿತು.

ಹಾರುವ ಗಡಿಯಾರಗಳು

ಈಗ ಆಕಾಶದ ಕಡೆ ನೋಡೋಣ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಅನ್ವಯಿಕ ಭೌತ ಪ್ರಯೋಗಾಲಯದ ವಿಲಿಯಂ ಗಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಅದರ ಸಂಜ್ಞೆಯ ಡಾಪ್ಲರ್ ಬದಲಾವಣೆಯನ್ನು ಅಳೆದು ಉಪಗ್ರಹದ ಕಕ್ಷೆಯನ್ನು ಕಂಡುಹಿಡಿದರು. ಅವರ ಹಿರಿಯ ಸಹೋದ್ಯೋಗಿ ಫ್ರಾಂಕ್ ಮೆಕ್ಲೂರ್ ಲೆಕ್ಕವನ್ನು ತಿರುಗಿಸಿದರು: ಕಕ್ಷೆ ತಿಳಿದಿದ್ದರೆ ನೆಲದ ಮೇಲೆ ಕೇಳುತ್ತಿರುವವನ ಸ್ಥಾನ ತಿಳಿಯಬಹುದಲ್ಲವೆ? ಇದರಿಂದ ‘ಟ್ರಾನ್ಸಿಟ್’ ಎಂಬ ವ್ಯವಸ್ಥೆ ಹುಟ್ಟಿತು.

ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ರೋಜರ್ ಈಸ್ಟನ್ ಅವರದು ಬೇರೆ ಯೋಚನೆ. ಉಪಗ್ರಹದಲ್ಲೇ ಗಡಿಯಾರ ಇಟ್ಟು, ಸಂಜ್ಞೆ ಹೊರಟ ಕ್ಷಣ ಮತ್ತು ತಲಪಿದ ಕ್ಷಣಗಳ ಅಂತರದಿಂದ ದೂರ ಅಳೆಯಬೇಕು ಎಂದರು. ಅವರ ‘ಟೈಮೇಷನ್’ ಉಪಗ್ರಹ 1967ರ ಮೇ 31ರಂದು ಸ್ಫಟಿಕ ಗಡಿಯಾರ ಹೊತ್ತು ಹಾರಿತು. 1973ರಲ್ಲಿ ಬ್ರಾಡ್‌ಫರ್ಡ್ ಪಾರ್ಕಿನ್ಸನ್ ನೇತೃತ್ವದಲ್ಲಿ ಹಲವು ಯೋಜನೆಗಳನ್ನು ಸೇರಿಸಿ ಜಿಪಿಎಸ್ ರೂಪುಗೊಂಡಿತು. ಮೊದಲ ಜಿಪಿಎಸ್ ಉಪಗ್ರಹ 1978ರ ಫೆಬ್ರವರಿಯಲ್ಲಿ ಹಾರಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು.

ಇವುಗಳ ನಡುವೆ 1977ರ ಜೂನ್‌ನಲ್ಲಿ ಹಾರಿದ ಎನ್‌ಟಿಎಸ್-2 ಎಂಬ ಉಪಗ್ರಹವನ್ನು ಭೌತವಿಜ್ಞಾನದ ಅಧ್ಯಾಪಕರು ಮರೆಯಬಾರದು. ಕಕ್ಷೆಯಲ್ಲಿ ಸೀಸಿಯಮ್ ಗಡಿಯಾರ ಓಡಿದ್ದು ಅದರಲ್ಲೇ ಮೊದಲು. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ಕಡಿಮೆಯಾದ್ದರಿಂದ ಗಡಿಯಾರ ದಿನಕ್ಕೆ ಸುಮಾರು 45 ಮೈಕ್ರೊಸೆಕೆಂಡ್ ಮುಂದೆ ಹೋಗಬೇಕು. ವೇಗದ ಕಾರಣ ಸುಮಾರು 7 ಹಿಂದೆ ಬೀಳಬೇಕು. ಒಟ್ಟು 38 ಮುಂದೆ. ಗಡಿಯಾರವನ್ನು ಮೊದಲು ತಿದ್ದದೆ ಓಡಿಸಿ ನೋಡಿದಾಗ ಲೆಕ್ಕಕ್ಕೂ ಅಳತೆಗೂ ನೂರಕ್ಕೆ ಒಂದರಷ್ಟೇ ವ್ಯತ್ಯಾಸ ಕಂಡಿತು. ಈ ತಿದ್ದುಪಡಿ ಬಿಟ್ಟಿದ್ದರೆ ಒಂದು ದಿನದಲ್ಲಿ ಬೆಳಕಿನ ಲೆಕ್ಕಕ್ಕೆ 11 ಕಿಲೋಮೀಟರಿಗೂ ಹೆಚ್ಚಿನ ತಪ್ಪು ಸೇರುತ್ತಿತ್ತು.

ಈಗ ದಾರಿಯ ಮಾತಿಗೆ ಬನ್ನಿ. ಉಪಗ್ರಹದ ಸಂಜ್ಞೆ ನಿಮ್ಮನ್ನು ತಲಪಲು ಎಷ್ಟು ಕಾಲ ಬೇಕೆಂದು ತಿಳಿಯಲು ನೀವು ಎಲ್ಲಿದ್ದೀರಿ ಎಂದು ತಿಳಿಯಬೇಕು. ಎಲ್ಲಿದ್ದೀರಿ ಎಂದು ತಿಳಿಯಲು ಸಮಯ ತಿಳಿಯಬೇಕು. ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸಮಯ: ಅವ್ಯಕ್ತಗಳು ನಾಲ್ಕು. ಆದ್ದರಿಂದ ನಾಲ್ಕು ಉಪಗ್ರಹಗಳಿಂದ ನಾಲ್ಕು ಸಮೀಕರಣ ಪಡೆದು ಎಲ್ಲವನ್ನೂ ಒಟ್ಟಿಗೆ ಬಿಡಿಸುತ್ತಾರೆ. ಚೆಂಡಿನ ಕಾಲದಲ್ಲಿ ಉಪೇಕ್ಷಿಸಿದ, ಫಿರಂಗಿಯ ಕಾಲದಲ್ಲಿ ನಕ್ಷೆಯಿಂದ ತಿದ್ದಿದ, ಎನ್‌ಟಿಪಿಯಲ್ಲಿ ಊಹಿಸಿದ ವಿಳಂಬವನ್ನು ಇಲ್ಲಿ ಪ್ರತಿ ಕ್ಷಣವೂ ಅಳೆಯುತ್ತಾರೆ. ಜಿಪಿಎಸ್‌ನ ನಿಜವಾದ ಹಿರಿಮೆ ಇದು.

ತಾರಸಿಯ ಮೇಲೆ

2000ದ ಮೇ ತಿಂಗಳವರೆಗೆ ನಾಗರಿಕರಿಗೆ ಸಿಗುವ ಸಂಜ್ಞೆಯನ್ನು ಅಮೆರಿಕ ಬೇಕೆಂದೇ ಸ್ವಲ್ಪ ಕೆಡಿಸಿ ಕಳಿಸುತ್ತಿತ್ತು. ಆದರೂ ಒಂದೇ ಕಡೆ ನಿಂತ ಆಂಟೆನಕ್ಕೆ ಒಂದು ಅನುಕೂಲವಿತ್ತು. ತನ್ನ ಸ್ಥಾನ ಮೊದಲೇ ತಿಳಿದಿರುವುದರಿಂದ ಅದು ಎಲ್ಲ ಉಪಗ್ರಹಗಳನ್ನೂ ಸಮಯಕ್ಕಾಗಿಯೇ ಬಳಸಿ, ಸರಾಸರಿ ತೆಗೆದು ತಪ್ಪನ್ನು ತಗ್ಗಿಸಬಲ್ಲುದು. ನಾಸಾದ ಗಾಡರ್ಡ್ ಕೇಂದ್ರದ ರೇಡಿಯೊ ಖಗೋಳಜ್ಞ ಟಾಮ್ ಕ್ಲಾರ್ಕ್ 1990ರ ದಶಕದಲ್ಲಿ ಇದನ್ನು ಬಳಸಿಕೊಂಡು ‘ಟೋಟಲಿ ಆಕ್ಯುರೇಟ್ ಕ್ಲಾಕ್’ ಎಂಬ ಅಗ್ಗದ ಉಪಕರಣ ರೂಪಿಸಿದರು. ಖಂಡಾಂತರದಲ್ಲಿರುವ ರೇಡಿಯೊ ದೂರದರ್ಶಕಗಳ ದಾಖಲೆಗಳನ್ನು ಹೊಂದಿಸಲು ಅವರಿಗೆ ಮೈಕ್ರೊಸೆಕೆಂಡಿಗಿಂತ ಉತ್ತಮ ಸಮಯ ಬೇಕಿತ್ತು. ಕ್ಲಾರ್ಕ್ ಹ್ಯಾಮ್ ರೇಡಿಯೊ ಹವ್ಯಾಸಿಯೂ ಆಗಿದ್ದರಿಂದ ಈ ಉಪಕರಣ ಹವ್ಯಾಸಿಗಳಿಗೆ ಕಿಟ್ ರೂಪದಲ್ಲಿ ಸಿಕ್ಕಿತು. ವೀಕ್ಷಣಾಲಯದ ಸಮಯ ಮನೆಗೆ ಬಂದದ್ದು ಹೀಗೆ.

ನೀವು ಅಥವಾ ನಿಮ್ಮ ಶಾಲೆ ಇಂಥದೊಂದನ್ನು ಕಟ್ಟುವುದಾದರೆ ಗಮನಿಸಬೇಕಾದ ಸಂಗತಿಗಳೆಲ್ಲ ದಾರಿಗೇ ಸಂಬಂಧಿಸಿವೆ.

ಮೊದಲನೆಯದು, ಆಕಾಶ ಕಾಣಬೇಕು. ಜಿಪಿಎಸ್ ಸಂಜ್ಞೆಯ ಆವೃತ್ತಿ 1575.42 ಮೆಗಾಹರ್ಟ್ಸ್. ನೆಲ ತಲಪುವಾಗ ಅದರ ಬಲ ಎಷ್ಟು ಗೊತ್ತೆ? ಒಂದು ವ್ಯಾಟನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ನೂರು ಭಾಗ ಮಾಡಿದರೆ ಬರುವಷ್ಟು. ಕಾಂಕ್ರೀಟು ಛಾವಣಿ ಇದನ್ನು ನುಂಗಿಬಿಡುತ್ತದೆ. ಅದಕ್ಕೇ ಆಂಟೆನದೊಳಗೆ ಒಂದು ವರ್ಧಕ ಇರುತ್ತದೆ. ಅದಕ್ಕೆ ಬೇಕಾದ 3.3 ಅಥವಾ 5 ವೋಲ್ಟ್ ವಿದ್ಯುತ್ತು ಅದೇ ಕೇಬಲ್ಲಿನಲ್ಲಿ ಮೇಲಕ್ಕೆ ಹೋಗುತ್ತದೆ. ನಿಮ್ಮ ಆಂಟೆನ ಮತ್ತು ರಿಸೀವರ್ ಒಂದೇ ವೋಲ್ಟೇಜಿನವೇ ಎಂದು ನೋಡಿಕೊಳ್ಳಿ.

ಎರಡನೆಯದು, ಪ್ರತಿಫಲನ. ತಾರಸಿಯ ಸೋಲಾರ್ ಹೀಟರಿಗೆ ಬಡಿದು ಬಂದ ಅಲೆ 3 ಮೀಟರ್ ಹೆಚ್ಚು ಸುತ್ತಿದರೆ 10 ನ್ಯಾನೊಸೆಕೆಂಡ್ ತಡ. ಜಿಪಿಎಸ್ ಅಲೆ ಬಲಸುತ್ತಿನ ವೃತ್ತೀಯ ಧ್ರುವೀಕರಣ ಹೊಂದಿದ್ದು, ಲೋಹಕ್ಕೆ ಬಡಿದಾಗ ಎಡಸುತ್ತಾಗುತ್ತದೆ. ಒಳ್ಳೆಯ ಆಂಟೆನ ಅದನ್ನು ಬಹುಮಟ್ಟಿಗೆ ತಿರಸ್ಕರಿಸುತ್ತದೆ. ಆದರೂ ನೀರಿನ ಟ್ಯಾಂಕು, ಹೀಟರುಗಳಿಂದ ದೂರ, ಅವುಗಳಿಗಿಂತ ಎತ್ತರದಲ್ಲಿಡುವುದು ಲೇಸು.

ಮೂರನೆಯದು, ಸಿಡಿಲು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ನಮಗೆ ಗೊತ್ತಿರುವುದೇ. ಕಟ್ಟಡದ ಸಿಡಿಲು ಸಲಾಕೆಗಿಂತ ಆಂಟೆನ ತಗ್ಗಿನಲ್ಲಿರಲಿ. ಕೇಬಲ್ ಮನೆಯೊಳಗೆ ಬರುವಲ್ಲಿ ಸಿಡಿಲು ತಡೆ ಹಾಕಿ, ಅದನ್ನು ಭೂಸಂಪರ್ಕಕ್ಕೆ ಜೋಡಿಸಿ. ಇದನ್ನು ತಿಳಿದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ.

ನಾಲ್ಕನೆಯದು, ಕೇಬಲ್. ಅದರೊಳಗೆ ಸಂಜ್ಞೆ ಬೆಳಕಿಗಿಂತ ನಿಧಾನ. ಟಿವಿಗೆ ಬಳಸುವ ಆರ್‌ಜಿ-6 ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 4 ನ್ಯಾನೊಸೆಕೆಂಡ್. 20 ಮೀಟರಿಗೆ 80. ರಿಸೀವರಿಗೆ ಈ ಸಂಖ್ಯೆಯನ್ನು ತಿಳಿಸಿದರೆ ಅದು ಅಷ್ಟನ್ನು ಕಳೆದು ಸಮಯ ಹೇಳುತ್ತದೆ. ಎಡಿನ್‌ಬರೊದ ವೃತ್ತಗಳು ನಿಮ್ಮ ಗೋಡೆಯ ಮೇಲೇ ಇಳಿದು ಬಂದಂತಾಯಿತಲ್ಲವೆ? ಕಂಪ್ಯೂಟರಿನ ಸಮಯಕ್ಕೆ 80 ನ್ಯಾನೊಸೆಕೆಂಡಿನಿಂದ ಏನೂ ಆಗದು; ದೂರದರ್ಶಕಗಳ ಕೆಲಸದಲ್ಲಿ ಅದು ಲೆಕ್ಕಕ್ಕೆ ಬರುತ್ತದೆ.

ಕೊನೆಯದು, ರಿಸೀವರಿನಿಂದ ಕಂಪ್ಯೂಟರಿಗೆ ಹೋಗುವ ಗೇಣುದ್ದದ ದಾರಿ. ರಿಸೀವರ್ ಎರಡು ಬಗೆಯಲ್ಲಿ ಮಾತಾಡುತ್ತದೆ. ಪ್ರತಿ ಸೆಕೆಂಡಿನ ಆರಂಭಕ್ಕೆ ಸರಿಯಾಗಿ ಒಂದು ವಿದ್ಯುತ್ ಸ್ಪಂದ ಕೊಡುತ್ತದೆ. ಇದಕ್ಕೆ ಪಿಪಿಎಸ್ ಎಂದು ಹೆಸರು. ಆ ಸೆಕೆಂಡು ಯಾವುದೆಂದು ಅಕ್ಷರಗಳಲ್ಲಿ ಆಮೇಲೆ ತಿಳಿಸುತ್ತದೆ. ಈ ಅಕ್ಷರಗಳು ನೂರಾರು ಮಿಲಿಸೆಕೆಂಡ್ ತಡವಾಗಿ ಬರಬಹುದು. ಅಕ್ಷರವನ್ನಷ್ಟೇ ನಂಬಿದರೆ 20,200 ಕಿಲೋಮೀಟರ್ ನಿಖರವಾಗಿ ಬಂದ ಸಮಯ ಮೇಜಿನ ಮೇಲೆ ಕೆಟ್ಟುಹೋಗುತ್ತದೆ! ಸ್ಪಂದದ ತಂತಿಯನ್ನು ಸೀರಿಯಲ್ ಪೋರ್ಟಿಗೋ ಚಿಕ್ಕ ಕಂಪ್ಯೂಟರಿನ ಪಿನ್ನಿಗೋ ನೇರವಾಗಿ ಜೋಡಿಸುವುದು ಇದಕ್ಕೇ.

ಎರವಲು ಸಮಯ

ಇಷ್ಟಾದ ಮೇಲೆ ಸಮಯ ನಮ್ಮದಾಯಿತೆ? ಇಲ್ಲ, ಸರಪಳಿ ಗಿಡ್ಡವಾಯಿತು ಅಷ್ಟೆ. ಜಿಪಿಎಸ್ ತನ್ನದೇ ಕಾಲಮಾನ ಅನುಸರಿಸುತ್ತದೆ. ಅದರಲ್ಲಿ ಅಧಿಕ ಸೆಕೆಂಡುಗಳಿಲ್ಲ. ಆದ್ದರಿಂದ 2017ರ ಜನವರಿಯಿಂದ ಅದು ಜಾಗತಿಕ ಸಮಯವಾದ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಈ ಅಂತರವನ್ನು, ಅದರ ಸೂಕ್ಷ್ಮ ತಿದ್ದುಪಡಿಯ ಜೊತೆಗೆ, ಉಪಗ್ರಹಗಳೇ ಬಿತ್ತರಿಸುತ್ತವೆ. 2016ರ ಜನವರಿ 26ರಂದು ಒಂದು ಹಳೆಯ ಉಪಗ್ರಹವನ್ನು ಸೇವೆಯಿಂದ ತೆಗೆಯುವಾಗ ಈ ತಿದ್ದುಪಡಿ ಕೆಲವು ಉಪಗ್ರಹಗಳಲ್ಲಿ 13.7 ಮೈಕ್ರೊಸೆಕೆಂಡ್ ತಪ್ಪಾಯಿತು. ಸ್ಥಾನ ಹುಡುಕುವವರಿಗೆ ತೊಂದರೆಯಾಗಲಿಲ್ಲ. ಸಮಯ ಪಡೆಯುತ್ತಿದ್ದ ದೂರಸಂಪರ್ಕ ಜಾಲಗಳಲ್ಲಿ ಎಚ್ಚರಿಕೆಯ ಗಂಟೆಗಳು ಮೊಳಗಿದವು.

ವಾರಗಳ ಲೆಕ್ಕದಲ್ಲೂ ಒಂದು ತೊಡಕಿದೆ. ಜಿಪಿಎಸ್‌ನ ಮೂಲ ಸಂಜ್ಞೆ 1024 ವಾರ ಎಣಿಸಿ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್ ಮತ್ತು 2019ರ ಏಪ್ರಿಲ್‌ನಲ್ಲಿ ಹೀಗಾಯಿತು. ಮುಂದಿನದು 2038ರ ನವೆಂಬರ್‌ನಲ್ಲಿ. ಹಳೆಯ ರಿಸೀವರುಗಳು ಇಂಥ ಕಡೆ ಸುಮಾರು 20 ವರ್ಷ ಹಿಂದಿನ ದಿನಾಂಕ ತೋರಿಸುತ್ತವೆ. ಸೆಕೆಂಡ್ ಹ್ಯಾಂಡ್ ರಿಸೀವರ್ ಕೊಳ್ಳುವವರಿಗೆ ಇದು ತಿಳಿದಿರಲಿ. ಇನ್ನು ಆ ದುರ್ಬಲ ಸಂಜ್ಞೆಯನ್ನು ಅಡಗಿಸುವುದೂ ಸುಲಭ. 2012ರಲ್ಲಿ ಅಮೆರಿಕದ ನೆವಾರ್ಕ್ ವಿಮಾನ ನಿಲ್ದಾಣದ ಉಪಕರಣಗಳಿಗೆ ತೊಂದರೆ ಕೊಟ್ಟದ್ದು ಒಬ್ಬ ಟ್ರಕ್ ಚಾಲಕನ ಪುಟ್ಟ ಜ್ಯಾಮರ್. ಟ್ರಕ್ ಎಲ್ಲಿದೆ ಎಂದು ಮಾಲೀಕನಿಗೆ ತಿಳಿಯಬಾರದೆಂದು ಅವನು ಅದನ್ನು ಇಟ್ಟುಕೊಂಡಿದ್ದ.

ಹೀಗಾಗಿ ಒಂದೇ ಆಕರವನ್ನು ನಂಬಬಾರದು. ರಷ್ಯಾ, ಯುರೋಪ್, ಚೀನಾಗಳಂತೆ ಭಾರತವೂ ತನ್ನದೇ ವ್ಯವಸ್ಥೆ ಕಟ್ಟಿದೆ. ಅದರ ಹೆಸರು ನಾವಿಕ್. ಅದರ ಕಾಲಮಾನವನ್ನು ಕಾಯುವ ಗಡಿಯಾರಗಳಿರುವುದು ಬೆಂಗಳೂರಿನ ಬಳಿಯ ಬ್ಯಾಲಾಳುವಿನ ಇಸ್ರೊ ಕೇಂದ್ರದಲ್ಲಿ, 2013ರಿಂದ. ಅದೇ ವರ್ಷ ಹಾರಿದ ಮೊದಲ ಉಪಗ್ರಹದ ಮೂರೂ ಆಮದು ಪರಮಾಣು ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಭಾರತದಲ್ಲೇ ತಯಾರಾದ ರುಬಿಡಿಯಮ್ ಗಡಿಯಾರವನ್ನು ಹೊತ್ತು ಹೋಯಿತು. ಸಮಯವನ್ನು ಎರವಲು ಪಡೆಯುವುದು ಸುಲಭ, ಕಟ್ಟುವುದು ಕಷ್ಟ ಎಂಬುದು ಇಲ್ಲಿ ಸ್ಪಷ್ಟ.

ಮನೆಯ ಸರ್ವರಿಗೂ ಇದೇ ನಿಯಮ. ಜಿಪಿಎಸ್ ಜೊತೆಗೆ ಅಂತರಜಾಲದ ಮೂರು ನಾಲ್ಕು ಸಮಯ ಸರ್ವರುಗಳನ್ನೂ ಸೇರಿಸಿಕೊಳ್ಳಿ. ಅವು ಅಷ್ಟು ನಿಖರವಲ್ಲದಿದ್ದರೂ, ತಾರಸಿಯ ಆಕರ 20 ವರ್ಷ ಹಿಂದಕ್ಕೆ ಜಿಗಿದರೆ ಅದು ಸುಳ್ಳೆಂದು ಸಾಕ್ಷಿ ಹೇಳುತ್ತವೆ.

ಆಂಟೆನ ಕೊಳ್ಳುವ ಮೊದಲು ಶಾಲೆಯ ಆಟದ ಮೈದಾನದಲ್ಲಿ ಒಂದು ಪ್ರಯೋಗ ಮಾಡಿ. ಒಂದು ತುದಿಯಲ್ಲಿ ಒಬ್ಬರು ತಟ್ಟೆ ಬಡಿಯಲಿ. ಇನ್ನೊಂದು ತುದಿಯಲ್ಲಿ ಉಳಿದವರು ಕೈ ಬಡಿದದ್ದನ್ನು ಕಣ್ಣಿನಿಂದಲೂ ಸದ್ದನ್ನು ಕಿವಿಯಿಂದಲೂ ಗಮನಿಸಲಿ. 170 ಮೀಟರಿಗೆ ಅರ್ಧ ಸೆಕೆಂಡ್ ಅಂತರ ಸಿಗಬೇಕು. ಅನಂತರ ಮಕ್ಕಳಿಂದಲೇ ಶಾಲೆಯ ನಕ್ಷೆ ಬರೆಸಿ, ಗಂಟೆ ತೂಗಿಸಿದ ಜಾಗವನ್ನು ಕೇಂದ್ರವಾಗಿಟ್ಟು ವೃತ್ತಗಳನ್ನು ಎಳೆಸಿ. ಯಾವ ತರಗತಿಗೆ ಗಂಟೆಯ ಸದ್ದು ಎಷ್ಟು ತಡವಾಗಿ ತಲಪುತ್ತದೆ ಎಂಬುದನ್ನು ಅವರೇ ಲೆಕ್ಕ ಹಾಕಲಿ.